ಇನ್‌ಸ್ಟಾಕ್ಸ್ ಮಿನಿನಾ, ಪೋಲರಾಯ್ಡಾ?

ನಂದಿಬೆಟ್ಟಕ್ಕೆ, ಮನೆಯ ನಾಮಕರಣಕ್ಕೆ, ಸುಮ್ನೆ ಖುಷಿಗೆ, ಕ್ಲಿಕ್ಕಿಸಿದ ಕೂಡಲೇ ಫಿಲ್ಮ್ ಮೇಲೆ ಚಿತ್ರ ಹೊರಗೆ ಕೊಡುವ ಒಂದು ಇನ್‌ಸ್ಟಂಟ್ ಕ್ಯಾಮೆರಾ ಬೇಕಾ? ಫ್ಯೂಜಿಫಿಲ್ಮ್‌ನ ಇನ್‌ಸ್ಟಾಕ್ಸ್ ಮಿನಿ 12 ಮತ್ತು ಪೋಲರಾಯ್ಡ್ ನೌ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

ಅಂದದಲ್ಲಿ ಪೋಲರಾಯ್ಡ್ ಮುಂದು. ಸುಮಾರು 8 ಸೆಂ.ಮೀ. ಚೌಕದ ದೊಡ್ಡ ಚಿತ್ರ, ಹಳೇ ಕಾಲದ ಮೆತ್ತನೆಯ ಬಣ್ಣ. ಮಿನಿಯ ಚಿತ್ರ 62 x 46 ಮಿ.ಮೀ. ಮಾತ್ರ. ಪರ್ಸ್‌ನಲ್ಲಿ ಇಟ್ಟುಕೊಳ್ಳಲು ಅದೇ ಸರಿ.

ಆದರೆ ಚಿಕ್ಕಬಳ್ಳಾಪುರದ ಏಪ್ರಿಲ್ ಬಿಸಿಲು ನೆನಪಿರಲಿ. ಪೋಲರಾಯ್ಡ್ ಫಿಲ್ಮ್‌ಗೆ ಹಿತವಾದದ್ದು 13ರಿಂದ 28 ಡಿಗ್ರಿ. ಸೆಕೆ ಹೆಚ್ಚಾದರೆ ಬಣ್ಣ ಹಳದಿ, ಕೆಂಪಿಗೆ ತಿರುಗುತ್ತದೆ. ಚಿತ್ರ ಹೊರಬಂದ ಕೂಡಲೇ ಬೆಳಕಿನಿಂದ ಮರೆಮಾಡಿ, 10-15 ನಿಮಿಷ ಕಾಯಬೇಕು. ಅಷ್ಟು ಹೊತ್ತು ಮಕ್ಕಳು ಸುಮ್ಮನಿರುತ್ತಾರಾ? ಮಿನಿ 40 ಡಿಗ್ರಿವರೆಗೂ ತಡೆಯುತ್ತದೆ, ಚಿತ್ರವೂ ಒಂದೂವರೆ ನಿಮಿಷದಲ್ಲಿ ಮೂಡುತ್ತದೆ. ಎರಡರ ಚಿತ್ರವನ್ನೂ ಕೈಯಲ್ಲಿ ಅಲ್ಲಾಡಿಸಬೇಡಿ, ಏನೂ ಲಾಭ ಇಲ್ಲ.

ಮಿನಿಗೂ ಒಂದು ಕಿರಿಕಿರಿ ಇದೆ. ಫ್ಲ್ಯಾಶ್ ಆಫ್ ಮಾಡಲು ಆಗಲ್ಲ. ಬೆಟ್ಟದ ಬೆಳಗಿನ ಮಂಜಿನಲ್ಲಿ ಬೆಳಕು ತಿರುಗಿ ಬಂದು ಚಿತ್ರ ಬಿಳುಚಿಕೊಳ್ಳುತ್ತದೆ. ಪೋಲರಾಯ್ಡ್‌ನಲ್ಲಿ ಫ್ಲ್ಯಾಶ್ ಆರಿಸಬಹುದು.

ಖರ್ಚು? ಮಿನಿಯ ಫಿಲ್ಮ್ ಪ್ಯಾಕ್‌ನಲ್ಲಿ 10 ಚಿತ್ರ, ಪೋಲರಾಯ್ಡ್‌ನಲ್ಲಿ 8. ಒಂದೊಂದು ಚಿತ್ರಕ್ಕೆ ಪೋಲರಾಯ್ಡ್‌ಗೇ ದುಡ್ಡು ಜಾಸ್ತಿ. ಮಿನಿಗೆ ಯಾವ ಅಂಗಡಿಯಲ್ಲೂ ಸಿಗುವ ಎರಡು ಪೆನ್ಸಿಲ್ ಸೆಲ್ (AA) ಸಾಕು, ಪೋಲರಾಯ್ಡ್ ಚಾರ್ಜ್ ಮಾಡಬೇಕು.

ಮನೆಮಂದಿಗೆಲ್ಲ ಹಂಚುವುದಕ್ಕೆ ನನ್ನ ಮತ ಮಿನಿಗೆ. ಫಿಲ್ಮ್ ಹಾಳಾಗುವುದು ಹೊಟ್ಟೆಗೆ ಬೆಂಕಿ ಅನ್ನುವವರು ಮಿನಿ ಲಿಂಕ್ ಪ್ರಿಂಟರ್ ತಗೊಳ್ಳಿ. ಫೋನಿನಲ್ಲಿ ಚೆನ್ನಾಗಿ ಬಂದ ಫೋಟೋನೇ ಅದೇ ಮಿನಿ ಫಿಲ್ಮ್‌ನಲ್ಲಿ ಬರುತ್ತದೆ.