ಉದ್ಯೋಗ ಮೇಳದಲ್ಲಿ ಒಟಿಪಿ ಕೇಳಿದರೆ ಎದ್ದು ಬನ್ನಿ

ಫೈನಲ್ ಇಯರ್‌ನಲ್ಲಿರುವವರು, ಈ ಸಲ ಕಾಲೇಜಿನ ಉದ್ಯೋಗ ಮೇಳಕ್ಕೆ ಹೋಗುವವರು ಇದನ್ನು ಓದಿ. ಕೆಲಸ ಸಿಗುತ್ತದೆ ಅಂತ ಹೋದ ನನ್ನ ಹೆಸರಿಗೆ ಸಾಲ ಅಂಟಿಕೊಂಡಿದೆ.

ನಾನು ಬಿ.ಕಾಂ. ಓದಿದ್ದು ದಾವಣಗೆರೆ ಕಡೆ. ಮೇಳಕ್ಕೆ ಬ್ಯಾಂಕಿನವರು, ಬಿಪಿಒದವರು, ಶೋರೂಮಿನವರು ಎಲ್ಲ ಬಂದಿದ್ದರು. ಒಂದು ಸ್ಟಾಲಿನಲ್ಲಿ ಮಾತ್ರ ಕ್ಯೂ ಜಾಸ್ತಿ. ‘ಡೇಟಾ ಅನಲಿಸ್ಟ್, ವರ್ಷಕ್ಕೆ 6 ಲಕ್ಷ’ ಅಂತ ಬ್ಯಾನರ್ ಹಾಕಿದ್ದರು. ರೆಸ್ಯೂಮೆ ತಿರುವಿಯೂ ನೋಡಲಿಲ್ಲ. ‘ಬೆಂಗಳೂರಿಗೆ ಬರೋಕೆ ರೆಡಿನಾ?’ ಅಂದರು. ಹೂಂ ಅಂದೆ. ‘ಕಂಗ್ರಾಟ್ಸ್ ಮೇಡಂ, ಸೆಲೆಕ್ಟ್ ಆಗಿದ್ದೀರಿ’ ಅಂದರು. ಆಮೇಲೆ ‘ಡಾಕ್ಯುಮೆಂಟ್ ವೆರಿಫಿಕೇಶನ್’. ಆಧಾರ್, ಪ್ಯಾನ್, ಪಾಸ್‌ಬುಕ್, ಒಂದು ಸೆಲ್ಫಿ. ಎಲ್ಲವನ್ನೂ ಅವರ ಟ್ಯಾಬ್‌ನಲ್ಲಿ ಅವರೇ ತುಂಬಿದರು. ನನ್ನ ಮೊಬೈಲಿಗೆ ಬಂದ ಒಟಿಪಿಗಳನ್ನು ಒಂದಾದ ಮೇಲೊಂದು ಕೇಳಿ ಹಾಕಿಕೊಂಡರು. ಪಕ್ಕದಲ್ಲೇ ಪ್ಲೇಸ್‌ಮೆಂಟ್ ಸರ್ ಓಡಾಡುತ್ತಿದ್ದರು. ಅನುಮಾನ ಯಾಕೆ ಬರುತ್ತೆ ಹೇಳಿ?

ಮುಂದಿನ ತಿಂಗಳು ಖಾತೆಯಿಂದ ದುಡ್ಡು ಕಟ್ ಆಯಿತು. ಬ್ಯಾಂಕಿನಲ್ಲಿ ವಿಚಾರಿಸಿದರೆ, ಯಾವುದೋ ಫೈನಾನ್ಸ್ ಕಂಪನಿಯ ಇಎಂಐ. ಅವತ್ತಿನ ಒಟಿಪಿಗಳಲ್ಲಿ ಒಂದು ಸಾಲದ ಪತ್ರಕ್ಕೆ ಇ-ಸೈನ್, ಇನ್ನೊಂದು ತಿಂಗಳು ತಿಂಗಳು ತಾನಾಗಿ ದುಡ್ಡು ಹೋಗುವ ಇ-ಮ್ಯಾಂಡೇಟ್. ಸಾಲದ ಹಣ ನನ್ನ ಕೈಗೆ ಬಂದೇ ಇಲ್ಲ. ‘ಕೋರ್ಸ್ ಫೀ’ ಅಂತ ನೇರವಾಗಿ ಆ ಸ್ಟಾಲಿನವರಿಗೆ ಹೋಗಿದೆ. ಅವರು ಕೆಲಸ ಕೊಡುವವರೇ ಅಲ್ಲ, ಆನ್‌ಲೈನ್ ಕೋರ್ಸ್ ಮಾರುವವರು. ಆ 6 ಲಕ್ಷ ಏನಪ್ಪಾ ಅಂದರೆ, ಕೋರ್ಸ್ ಮುಗಿಸಿ, ಅವರ ಟೆಸ್ಟ್‌ನಲ್ಲಿ ಪಾಸಾದ ಮೇಲೆ ಎಲ್ಲೋ ಸಿಗಬಹುದಾದ ಕೆಲಸದ ಸಂಬಳ. ಫೋನ್ ಮಾಡಿದೆ. ‘ನಿಮ್ಮ ಲಾಗಿನ್ ಆಕ್ಟಿವೇಟ್ ಆಗಿದೆ, ರಿಫಂಡ್ ಇಲ್ಲ’ ಅಂದು ಇಟ್ಟರು.

ಇಎಂಐ ನಿಲ್ಲಿಸಿಬಿಡು ಅಂತ ಎಲ್ಲರೂ ಹೇಳಿದರು. ಮ್ಯಾಂಡೇಟ್ ರದ್ದು ಮಾಡಿಸಬಹುದು, ನಿಜ. ಆದರೆ ಸಾಲ ಹಾಗೇ ಇರುತ್ತದೆ. ಕಂತು ತಪ್ಪಿದರೆ ಸಿಬಿಲ್ ಸ್ಕೋರ್ (ಸಾಲ ಸರಿಯಾಗಿ ತೀರಿಸುತ್ತೇವಾ ಅಂತ ಬ್ಯಾಂಕಿನವರು ನೋಡುವ ಅಂಕ) ಬೀಳುತ್ತದೆ, ಮುಂದೆ ನಮಗೇ ತೊಂದರೆ. ಹಾಗಾಗಿ ಸುಮ್ನೆ ನಿಲ್ಲಿಸಿ ಕೂರುವುದಕ್ಕಿಂತ ಮೊದಲು ಸಾಲ ಕೊಟ್ಟ ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲಿ ದೂರು ಹಾಕಬಹುದು, ಶುಲ್ಕವಿಲ್ಲ. ವಿಚಾರಿಸಲು 14448ಕ್ಕೆ ಫೋನ್ ಮಾಡಿ. ಇನ್ನೊಂದು ವಿಷಯ. ಆ್ಯಪ್ ಮೂಲಕ ಕೊಡುವ ಸಾಲಕ್ಕೆ ‘ಕೂಲಿಂಗ್ ಆಫ್’ ಅವಧಿ ಇರಲೇಬೇಕು ಅನ್ನುವುದು ಆರ್‌ಬಿಐ ನಿಯಮ. ಅಷ್ಟರೊಳಗೆ ಅಸಲು ಮತ್ತು ಆ ದಿನಗಳ ಬಡ್ಡಿ ಕಟ್ಟಿ ದಂಡವಿಲ್ಲದೆ ಹೊರಬರಬಹುದು. ನನಗೆ ಸಾಲ ಇರುವುದೇ ಕಂತು ಕಟ್ ಆದ ಮೇಲೆ ಗೊತ್ತಾಗಿದ್ದು. ಆ ಬಾಗಿಲು ಮುಚ್ಚಿತ್ತು. ದೂರು ಇನ್ನೂ ನಡೆಯುತ್ತಿದೆ.

ಮೇಳದಲ್ಲಿ ಮೂರು ಥರದವರು ಒಂದೇ ಸಾಲಿನಲ್ಲಿ ಕೂತಿರುತ್ತಾರೆ. ನೇರವಾಗಿ ಕೆಲಸ ಕೊಡುವವರು, ಬೇರೆ ಕಂಪನಿಗೆ ಜನ ಹುಡುಕಿಕೊಡುವ ಕನ್ಸಲ್ಟೆನ್ಸಿಯವರು, ಕೋರ್ಸ್ ಮಾರುವವರು. ಟೇಬಲ್, ಬ್ಯಾನರ್, ಟೈ ಎಲ್ಲ ಒಂದೇ. ‘ಆಫರ್ ಲೆಟರ್ ಯಾವ ಕಂಪನಿ ಹೆಸರಲ್ಲಿ ಬರುತ್ತೆ? ಸಂಬಳ ಯಾರು ಹಾಕ್ತಾರೆ?’ ಅಂತ ಮೊದಲೇ ಕೇಳಿ. ಕೋರ್ಸ್‌ನವರು ಅಲ್ಲೇ ತಡವರಿಸುತ್ತಾರೆ. ಕನ್ಸಲ್ಟೆನ್ಸಿಯವರೆಲ್ಲ ಮೋಸಗಾರರಲ್ಲ, ನನ್ನ ಕ್ಲಾಸಿನವಳಿಗೆ ಅಂಥವರ ಮೂಲಕವೇ ಒಳ್ಳೆ ಕೆಲಸ ಸಿಕ್ಕಿದೆ. ಆದರೆ ಅವಳ ಹತ್ತಿರ ಯಾರೂ ದುಡ್ಡು ಕೇಳಲಿಲ್ಲ. ಸಂದರ್ಶನವೂ ಕಂಪನಿಯ ಆಫೀಸಿನಲ್ಲೇ ಆಯಿತು.

ಕಂಪನಿಯ ಲೆಟರ್‌ಹೆಡ್ ಮೇಲೆ ಸಿಐಎನ್ ಅಂತ 21 ಅಕ್ಷರ-ಅಂಕಿಗಳ ನೋಂದಣಿ ಗುರುತು ಇರಬೇಕು. ಅದರಲ್ಲೇ ನೋಂದಣಿಯಾದ ವರ್ಷ ಸಿಗುತ್ತದೆ. ನನ್ನ ಸ್ಟಾಲಿನವರು ‘15 ವರ್ಷದ ಅನುಭವ’ ಅಂತ ಬರೆಸಿದ್ದರು. ಸಿಐಎನ್‌ನಲ್ಲಿದ್ದ ಇಸವಿ 2021!

ಬಾಂಡ್, ಅಂದರೆ ಇಷ್ಟು ವರ್ಷ ಕೆಲಸ ಬಿಡಲ್ಲ, ಬಿಟ್ಟರೆ ದುಡ್ಡು ಕಟ್ಟುತ್ತೇನೆ ಅಂತ ಬರೆದುಕೊಡುವ ಪತ್ರ. ಅದರ ಬಗ್ಗೆಯೂ ಹೇಳಲೇಬೇಕು. ‘ಸೈನ್ ಹಾಕು, ಬಾಂಡ್ ಕೋರ್ಟಲ್ಲಿ ನಿಲ್ಲಲ್ಲ’ ಅನ್ನುವ ಸೀನಿಯರ್‌ಗಳಿದ್ದಾರೆ. ಪೂರ್ತಿ ನಂಬಬೇಡಿ. ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಎತ್ತಿಹಿಡಿದಿದೆ. ಮನೆಗೆ ತಂದು, ಓದಿ, ಆಮೇಲೆ ಸಹಿ ಮಾಡಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅಂತೂ ಯಾರ ಕೈಯಲ್ಲೂ ಬಿಟ್ಟು ಬರಬೇಡಿ. ತೋರಿಸಿ, ಜೆರಾಕ್ಸ್ ಕೊಟ್ಟು, ವಾಪಸ್ ಬ್ಯಾಗಿಗೆ ಹಾಕಿಕೊಳ್ಳಿ.

ಈಗಾಗಲೇ ಎಲ್ಲಾದರೂ ಸ್ಟಾಲಿನಲ್ಲಿ ಆಧಾರ್ ಜೊತೆ ಒಟಿಪಿ ಕೊಟ್ಟಿದ್ದೀರಾ? ಇವತ್ತೇ ನಿಮ್ಮ ಸಿಬಿಲ್ ವರದಿ ತೆಗೆಸಿ ನೋಡಿ. ವರ್ಷಕ್ಕೊಮ್ಮೆ ಪುಕ್ಕಟೆ ಕೊಡುತ್ತಾರೆ. ಗೊತ್ತಿಲ್ಲದ ಸಾಲ ಕಂಡರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅದೇ ಸ್ಟಾಲಿಗೆ ಹೋಗಿದ್ದ ಕ್ಲಾಸ್‌ಮೇಟ್‌ಗಳಿಗೂ ತಿಳಿಸಿ. ನಾವು ಕೆಲವರು ಒಟ್ಟಿಗೆ ದೂರು ಬರೆದ ಮೇಲೆಯೇ ಕಾಲೇಜಿನವರು ನಮ್ಮ ಮಾತು ಕೇಳಿದ್ದು.