ಪಿಲಾಟಸ್ ಪಿಸಿ-12 ಎನ್‌ಜಿಎಕ್ಸ್: ಓಟಕ್ಕಿಂತ ರೆಕ್ಕೆಯೇ ಮೇಲು

ಟರ್ಬೊಪ್ರಾಪ್, ಅಂದರೆ ಟರ್ಬೈನ್ ಎಂಜಿನ್ ಪ್ರೊಪೆಲರ್ ತಿರುಗಿಸುವ ವಿಮಾನ ಕೊಳ್ಳಹೊರಟವರು ಮೊದಲು ವಿಚಾರಿಸುವುದು ವೇಗವನ್ನು. ಆ ಲೆಕ್ಕದಲ್ಲಿ, ಸ್ವಿಟ್ಜರ್ಲೆಂಡಿನ ಪಿಲಾಟಸ್ ಕಂಪನಿ 2019ರಲ್ಲಿ ಪ್ರಕಟಿಸಿದ ಪಿಸಿ-12 ಎನ್‌ಜಿಎಕ್ಸ್ ಮುಂಚೂಣಿಯಲ್ಲಿಲ್ಲ. ಇದರ ಗರಿಷ್ಠ ವೇಗ 290 ನಾಟ್ (ಗಂಟೆಗೆ ಸುಮಾರು 537 ಕಿ.ಮೀ.). ಇದರಂತೆಯೇ ಒಂದೇ ಎಂಜಿನ್ನಿನ ಟಿಬಿಎಂ 960 ವಿಮಾನ 330 ನಾಟ್ ತಲುಪುತ್ತದೆ. ನಮ್ಮ ವಾಯುಪಡೆಯ ದುಂಡಿಗಲ್ ಅಕಾಡೆಮಿಯ ಪಿಸಿ-7 ತರಬೇತಿ ವಿಮಾನಗಳನ್ನು ತಯಾರಿಸಿದ್ದೂ ಪಿಲಾಟಸ್ ಕಂಪನಿಯೇ.

ಈ ವಿಮಾನದ ನಿಜವಾದ ಬಂಡವಾಳ ಅದರ ದೊಡ್ಡ ರೆಕ್ಕೆ. ರೆಕ್ಕೆಯ ಹಿಂಬದಿಯ ಮಡಚುಪಟ್ಟಿಗಳಾದ ಫ್ಲಾಪ್‌ಗಳನ್ನು ಪೂರ್ತಿ ಇಳಿಸಿದಾಗ 67 ನಾಟ್‌ವರೆಗೆ ನಿಧಾನವಾಗಿ ಹಾರಬಲ್ಲ ಗರಿಷ್ಠ 4,740 ಕಿಲೋ ತೂಕದ ಈ ಯಂತ್ರ, ಸಮುದ್ರಮಟ್ಟದಲ್ಲಿ 758 ಮೀಟರ್ ಒಳಗೆ ಮೇಲೇರಿ 50 ಅಡಿ ಎತ್ತರದ ಅಡ್ಡಿಯನ್ನು ದಾಟುತ್ತದೆ. ಬೆಂಗಳೂರಿನಂಥ ಎತ್ತರದ ಊರಿನಲ್ಲಿ, ಬಿಸಿಲು ಏರಿದ ಮಧ್ಯಾಹ್ನ, ಗಾಳಿ ತೆಳುವಾಗುವುದರಿಂದ ಈ ಅಂಕಿಯನ್ನು ನೆಚ್ಚಿಕೊಳ್ಳುವಂತಿಲ್ಲ. ರೆಕ್ಕೆ ಸ್ಟಾಲ್ ಆಗುವ, ಅಂದರೆ ಎತ್ತುವ ಬಲ ಕಳೆದುಕೊಳ್ಳುವ ಮೊದಲೇ ಹಿಡಿಕೆ ನಡುಗಿ ಎಚ್ಚರಿಸುತ್ತದೆ; ಪೈಲಟ್ ಆಗಲೂ ಗಮನಿಸದಿದ್ದರೆ ಪುಷರ್ ಎಂಬ ವ್ಯವಸ್ಥೆ ಹಿಡಿಕೆಯನ್ನು ಮುಂದಕ್ಕೆ ತಳ್ಳಿ ಮೂಗನ್ನು ತಾನೇ ತಗ್ಗಿಸುತ್ತದೆ.

ಎಂಜಿನ್ ನಿರ್ವಹಣೆಯಲ್ಲಿ ಆಗಿರುವ ಬದಲಾವಣೆ ದೊಡ್ಡದು. ಹಳೆಯ ಮಾದರಿಗಳಲ್ಲಿ ಪೈಲಟ್ ಶಕ್ತಿ ಹೆಚ್ಚಿಸುವ ಲಿವರ್ ಮುಂದಕ್ಕೆ ಸರಿಸುವಾಗ ಒಂದು ಕಣ್ಣನ್ನು ಟಾರ್ಕ್ (ತಿರುಗಿಸುವ ಬಲ) ಮತ್ತು ತಾಪಮಾನದ ಮಾಪಕಗಳ ಮೇಲೆಯೇ ಇಟ್ಟಿರಬೇಕಿತ್ತು. ಇಲ್ಲಿಯ ಪಿಟಿ6ಇ ಎಂಜಿನ್ನಿನಲ್ಲಿ ಆ ಕಾವಲನ್ನು ಕಂಪ್ಯೂಟರ್ ವಹಿಸಿಕೊಂಡಿದೆ, ಉಳಿದಿರುವುದು ಒಂದೇ ಲಿವರ್. ಪ್ರೊಪೆಲರ್ ನಿಮಿಷಕ್ಕೆ 1,700 ಸುತ್ತಿನಿಂದ 1,550ಕ್ಕೆ ಇಳಿಯುವ ಆಯ್ಕೆಯೂ ಇದ್ದು, ಕ್ಯಾಬಿನ್ನಿನಲ್ಲಿ ಮಾತುಕತೆಗೆ ಅದು ಅನುಕೂಲ. ಆದರೆ 1,200 ಅಶ್ವಶಕ್ತಿ ಒಂದೇ ಪ್ರೊಪೆಲರ್‌ನಲ್ಲಿ ಹರಿಯುವುದರಿಂದ ಮೇಲೇರುವಾಗ ಮೂಗು ಎಡಕ್ಕೆ ಎಳೆಯುತ್ತದೆ. ರಡರ್ ಪೆಡಲ್ ಒತ್ತಿ ಅದನ್ನು ಸರಿಪಡಿಸಬೇಕಾದ ಬಲಗಾಲು ಸೋಮಾರಿಯಾದರೆ ರನ್‌ವೇಯ ನಡುಗೆರೆ ತಪ್ಪುವುದು ಖಂಡಿತ.

ಇಳಿಯುವಾಗ ಇದರ ಗುಣ ಚೆನ್ನಾಗಿ ಕಾಣುತ್ತದೆ. ಸುಮಾರು 85 ನಾಟ್‌ನಲ್ಲಿ ಬರುವಾಗ ಶಕ್ತಿಯನ್ನು ಅವಸರದಿಂದ ಪೂರ್ತಿ ತಗ್ಗಿಸಿದರೆ ಪ್ರೊಪೆಲರ್ ಬ್ರೇಕಿನಂತೆ ಎಳೆದು ವಿಮಾನ ಥಟ್ಟನೆ ಕುಸಿಯುತ್ತದೆ, ಆದ್ದರಿಂದ ನೆಲ ಹತ್ತಿರವಾಗುವವರೆಗೆ ತುಸು ಶಕ್ತಿ ಉಳಿಸಿಕೊಳ್ಳುವುದೇ ಜಾಣತನ. ಒರಟಾಗಿ ತಗುಲಿದರೂ ಚಕ್ರಗಳ ಹಿಂಬಾಗಿದ ಜೋಡಣೆ ಹೊಡೆತವನ್ನು ನುಂಗಿಕೊಳ್ಳುತ್ತದೆ. ದೂರದ ಊರುಗಳಿಗೆ ವೈದ್ಯಕೀಯ ನೆರವು ಒಯ್ಯುವ ಆಸ್ಟ್ರೇಲಿಯಾದ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವಿಸ್ ಮಣ್ಣಿನ ರನ್‌ವೇಗಳಿಗೆ ಪಿಸಿ-12 ಬಳಸುವುದು ಇದೇ ಬಲದ ಮೇಲೆ. ಸ್ಟ್ರೆಚರ್ ಒಳಗೊಯ್ಯಲು ಹಿಂಬದಿಯ ಅಗಲವಾದ ಸರಕು ಬಾಗಿಲು ನೆರವಾಗುತ್ತದೆ.

ಒಂದೇ ಎಂಜಿನ್ ಎಂಬ ಅಳುಕು ತೀರಾ ಆಧಾರರಹಿತವಲ್ಲ. ರಾತ್ರಿ ಬೆಟ್ಟಗಾಡಿನ ಮೇಲೆ ಹಾರುವವರು ಇನ್ನೊಂದು ಎಂಜಿನ್ ಬಯಸಿ ಎರಡು ಎಂಜಿನ್ನಿನ ಕಿಂಗ್ ಏರ್‌ ವಿಮಾನದತ್ತ ನೋಡುವುದು ಸಹಜ, ಖರ್ಚು ಹೆಚ್ಚಾದರೂ ಸರಿ. ಉದ್ದದ ರನ್‌ವೇಗಳ ನಡುವೆ ಮಾತ್ರ ಓಡಾಡುವವರಿಗೆ ಟಿಬಿಎಂ ಸಾಕು. ಚಿಕ್ಕ ಹಳ್ಳಿಗಾಡಿನ ಪಟ್ಟಿಗಳಲ್ಲಿ ಇಳಿಯುವ, ಜೊತೆಗೆ ಸಾಮಾನು ಹೊತ್ತೊಯ್ಯುವ ಕೆಲಸ ಇದ್ದವರು ಮಾತ್ರ ಬೇರೆಡೆ ನೋಡುವ ಮುನ್ನ ಇದನ್ನೊಮ್ಮೆ ಹಾರಿಸಿ ನೋಡಬೇಕು.