ಕೋಲ್ಡ್ ಸ್ಟಾರ್ಟ್‌ಗೆ ಯಾವ ಕ್ಯಾಟ್? ಎಲ್ಲವನ್ನೂ ಕೂರಿಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಂಜಿನ್‌ಗೆ ಅಂಟಿಕೊಂಡು ಕೂರುವ ಚಿಕ್ಕ ಕ್ಯಾಟಲಿಟಿಕ್ ಕನ್ವರ್ಟರ್‌ಗೆ. ಈ ಕನ್ವರ್ಟರನ್ನೇ ಕ್ಯಾಟ್ ಅನ್ನುವುದು, ಎಂಜಿನ್ ಹೊಗೆಯ ವಿಷ ಕಡಿಮೆ ಮಾಡುವ ಡಬ್ಬ; ಕೋಲ್ಡ್ ಸ್ಟಾರ್ಟ್ ಅಂದರೆ ಪೂರ್ತಿ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡುವುದು. ಕರೆಂಟಿನಿಂದ ಬಿಸಿಯಾಗುವ ಕ್ಯಾಟ್ ತಂದು ಮೂರು ವಾರ ಒದ್ದಾಡಿದ ಮೇಲೆ ಬರೆಯುತ್ತಿದ್ದೇನೆ, ಹಾಗಾಗಿ ಸ್ವಲ್ಪ ಸಿಟ್ಟೂ ಸೇರಿದೆ.

ಟೆಸ್ಟ್ ಬೆಂಚಿನ ಮೇಲೆ ಒಂದು ಹಳೆಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ ಇದೆ. ಕ್ಯಾಟ್ 250–300 ಡಿಗ್ರಿ ಮುಟ್ಟುವ ತನಕ ಹೆಚ್ಚುಕಮ್ಮಿ ನಿದ್ದೆಯಲ್ಲೇ ಇರುತ್ತದೆ. ಸುಡದ ಪೆಟ್ರೋಲ್ ಆವಿಯ ದೊಡ್ಡ ಪಾಲು ಆ ಮೊದಲ ಒಂದೆರಡು ನಿಮಿಷದಲ್ಲೇ ಹೊರಗೆ ಹೋಗಿರುತ್ತದೆ. ಇನ್ನೊಂದು ತಾಪತ್ರಯ, ಒಮ್ಮೆ ಸ್ಟಾರ್ಟ್ ಮಾಡಿದರೆ ಎಂಜಿನ್ ಪೂರ್ತಿ ತಣ್ಣಗಾಗಲು ನಾನು 12 ಗಂಟೆ ಬಿಡುತ್ತೇನೆ. ಅಂದರೆ ದಿನಕ್ಕೆ ಒಂದೇ ಟೆಸ್ಟ್. ತಪ್ಪಾದರೆ ಆ ದಿನ ಹೋಯಿತು.

ಮೊದಲಿಂದ ಇದ್ದದ್ದು ಕಾರಿನ ತಳದಲ್ಲಿ, ಎಂಜಿನ್‌ನಿಂದ ದೂರ ಕೂರುವ ದೊಡ್ಡ ಕ್ಯಾಟ್. ಗಟ್ಟಿಮುಟ್ಟು, ಬಾಳಿಕೆ ಜಾಸ್ತಿ. ಆದರೆ ಬಿಸಿಯನ್ನೆಲ್ಲ ದಾರಿಯಲ್ಲಿರುವ ಕೊಳವೆಯೇ ಕುಡಿದುಬಿಡುತ್ತದೆ.

ಕರೆಂಟಿನ ಕ್ಯಾಟ್ ಕಾಗದದ ಮೇಲೆ ರಾಜ. ಮುಂದೆ ಬಿಸಿಯಾಗುವ ತೆಳು ಲೋಹದ ಬಿಲ್ಲೆ, ಹಿಂದೆ ಜೇನುಗೂಡಿನ ಹಾಗೆ ರಂಧ್ರಗಳಿರುವ ಕ್ಯಾಟ್‌ನ ಮಾಮೂಲಿ ಭಾಗ. 2 ಕಿಲೋವ್ಯಾಟ್ ಬೇಕು. 12 ವೋಲ್ಟ್‌ನಲ್ಲಿ ಅದು 160 ಆಂಪಿಯರ್ ದಾಟುತ್ತದೆ, 48 ವೋಲ್ಟ್‌ನಲ್ಲಿ 42ರ ಆಸುಪಾಸು. ನಾನು 48ನ್ನೇ ಹಿಡಿದೆ.

ಮೊದಲ ನಾಲ್ಕು ದಿನ ಚೆನ್ನಾಗಿತ್ತು. ಐದನೇ ಬೆಳಿಗ್ಗೆ ಸ್ವಿಚ್ ಒತ್ತಿದ ಕೂಡಲೇ ಕಂಟ್ರೋಲರ್ ಇನ್ಸುಲೇಷನ್ ಫಾಲ್ಟ್ (ಕರೆಂಟ್ ಹೋಗಬಾರದ ಕಡೆ ಸೋರುತ್ತಿದೆ ಅನ್ನುವ ಎಚ್ಚರಿಕೆ) ತೋರಿಸಿ ಕರೆಂಟ್ ಕಟ್ ಮಾಡಿತು. ಎಂಜಿನ್ ಓಡಿಸಿ, ಬಿಸಿಯಾದ ಮೇಲೆ ಮೀಟರ್ ಹಿಡಿದರೆ ಎಲ್ಲಾ ಸರಿ! ಮರುದಿನ ಬೆಳಿಗ್ಗೆ ಮತ್ತೆ ಅದೇ. ಕೇಬಲ್ ಬದಲಾಯಿಸಿದೆ, ಒಂದು ದಿನ. ಕನೆಕ್ಟರ್ ಬದಲಾಯಿಸಿದೆ, ಇನ್ನೊಂದು ದಿನ. ಕಂಟ್ರೋಲರನ್ನೇ ಬದಲಾಯಿಸಿದೆ. ಮಾರಿದವರನ್ನು ಕೇಳಿದರೆ ನಿಮ್ಮ ವೈರಿಂಗ್ ನೋಡಿಕೊಳ್ಳಿ ಅಂದರು. ಮಧ್ಯಾಹ್ನ ಹುಡುಕಿದರೆ ಸಿಗದ, ಬೆಳಿಗ್ಗೆ ಮಾತ್ರ ಕಾಣಿಸಿಕೊಳ್ಳುವ ದೆವ್ವ ಅದು.

ಕೊನೆಗೆ ಒಂದು ಬೆಳಿಗ್ಗೆ ಸ್ಟಾರ್ಟೇ ಮಾಡದೆ ಕ್ಯಾಟ್ ಬಿಚ್ಚಿದೆ. ಒಳಗೆ ಎರಡು ಚಮಚದಷ್ಟು ಕಪ್ಪು ನೀರು! ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ, ಆವಿಯಾಗಿ. ಕೊಳವೆ ತಣ್ಣಗಿದ್ದರೆ ಅದು ಅಲ್ಲೇ ಹನಿಯಾಗುತ್ತದೆ. ನಾನೋ ಎರಡು ನಿಮಿಷ ಓಡಿಸಿ, ರೀಡಿಂಗ್ ಬರೆದುಕೊಂಡು ಆಫ್ ಮಾಡುತ್ತಿದ್ದೆ, ಹಾಗಾಗಿ ಒಳಗೆ ಯಾವತ್ತೂ ಪೂರ್ತಿ ಒಣಗಿರಲೇ ಇಲ್ಲ. ಮೇಲಾಗಿ ಎಲೆಕ್ಟ್ರೋಡ್ (ಬಿಲ್ಲೆಗೆ ಕರೆಂಟ್ ಒಯ್ಯುವ ಕಡ್ಡಿ) ಕೆಳಮುಖವಾಗಿ ಬರುವಂತೆ ಕೂರಿಸಿದ್ದೆ, ಅದು ನನ್ನದೇ ದಡ್ಡತನ. ಮಸಿ ಬೆರೆತ ನೀರು ಎಲೆಕ್ಟ್ರೋಡಿಗೂ ಹೊರಗಿನ ಡಬ್ಬಕ್ಕೂ ಸೇತುವೆ ಕಟ್ಟಿತ್ತು.

ಎಲೆಕ್ಟ್ರೋಡ್ ಮೇಲೆ ತಿರುಗಿಸಿದೆ, ನೀರು ಹರಿದುಹೋಗಲು ಇಳಿಜಾರು ಕೊಟ್ಟೆ. ಫಾಲ್ಟ್ ಕಡಿಮೆಯಾಯಿತು, ನಿಲ್ಲಲಿಲ್ಲ. ಮಸಿ ಸುಟ್ಟುಹೋಗಲು ಆಗಾಗ ಅರ್ಧ ಗಂಟೆ ಜೋರಾಗಿ ಓಡಿಸಬೇಕಿತ್ತು. ಹೊಗೆ ಕಡಿಮೆ ಮಾಡಲು ತಂದ ಸಾಮಾನಿಗೋಸ್ಕರ ಸುಮ್ನೆ ಪೆಟ್ರೋಲ್ ಸುಡುವುದು, ನಗು ಬರುತ್ತೆ ಅಲ್ವಾ?

ಇನ್ನೊಂದು ಮಾತು. ಸ್ಟಾರ್ಟ್‌ಗೆ ಮುಂಚೆ ಬಿಸಿ ಮಾಡಿದರೆ ಬಿಲ್ಲೆ ಮಾತ್ರ ಕೆಂಪಗಾಗುತ್ತದೆ, ಗಾಳಿ ಹರಿಯದ ಕಾರಣ ಹಿಂದಿನ ಜೇನುಗೂಡು ತಣ್ಣಗೇ ಇರುತ್ತದೆ. ಅದಕ್ಕೊಂದು ಗಾಳಿ ಪಂಪ್ ಬೇಕು. ಕೂತ ಕೂಡಲೇ ಕೀ ತಿರುಗಿಸುವ ಜಾತಿ ನಾನು, ಈ ಕಾಯುವ ಕೆಲಸ ನನಗೆ ಆಗಿಬರುವುದಿಲ್ಲ.

ಜಿಯೋಲೈಟ್ (ಅತಿ ಸಣ್ಣ ರಂಧ್ರಗಳಿರುವ ಖನಿಜ) ಲೇಪದ ಟ್ರ್ಯಾಪ್ ಕೂಡ ನೋಡಿದೆ. ತಣ್ಣಗಿರುವಾಗ ಪೆಟ್ರೋಲ್ ಆವಿಯನ್ನು ಹಿಡಿದುಕೊಳ್ಳುತ್ತದೆ, ಆದರೆ ಕ್ಯಾಟ್ ಎಚ್ಚರಾಗುವ ಮುಂಚೆಯೇ ಬಿಟ್ಟುಬಿಡುತ್ತದೆ. ಸಾಲ ತೀರಿಸದೆ ಮುಂದೂಡಿದ ಹಾಗೆ.

ಈಗ ನನ್ನ ಮೆಚ್ಚಿನದು. ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆಯನ್ನು ಒಂದೆಡೆ ಸೇರಿಸುವ ಕೊಳವೆ) ಮುಗಿದ ಕೂಡಲೇ ಬೋಲ್ಟ್ ಹಾಕಿ ಕೂರಿಸಿದ್ದು, 0.05 ಮಿಲಿಮೀಟರ್ ಲೋಹದ ಹಾಳೆ, ಚದರ ಇಂಚಿಗೆ 600 ರಂಧ್ರ. ಹಾಳೆ ತೆಳುವಾದಷ್ಟೂ ಬೇಗ ಬಿಸಿ. ಜೊತೆಗೆ ಐಡಲ್, ಅಂದರೆ ಎಂಜಿನ್ ಸುಮ್ಮನೆ ಓಡುವಾಗಿನ ವೇಗ, ನಿಮಿಷಕ್ಕೆ 1200 ಸುತ್ತಿಗೆ ಏರಿಸಿ, ಸ್ಪಾರ್ಕನ್ನು ತಡ ಮಾಡಿದೆ. ಆಗ ಉರಿ ತಡವಾಗಿ ಮುಗಿದು, ಪಿಸ್ಟನ್ ತಳ್ಳಬೇಕಾದ ಶಾಖ ಎಕ್ಸಾಸ್ಟ್‌ಗೆ ಹೋಗುತ್ತದೆ. ಸ್ವಲ್ಪ ನಡುಗುತ್ತದೆ, ಆದರೆ ಅರ್ಧ ನಿಮಿಷದೊಳಗೆ ಕ್ಯಾಟ್ ಕೆಲಸ ಶುರುಮಾಡಿತ್ತು. ವೈರ್ ಇಲ್ಲ, ಕಂಟ್ರೋಲರ್ ಇಲ್ಲ. ಖರ್ಚು ಒಂದು ಡಬ್ಬ, ಎರಡು ಫ್ಲ್ಯಾಂಜ್, ಒಂದಷ್ಟು ವೆಲ್ಡಿಂಗ್.

ದೋಷ ಇಲ್ಲವೇ? ಇದೆ. ಫುಲ್ ಲೋಡ್‌ನಲ್ಲಿ 1000 ಡಿಗ್ರಿ ಹತ್ತಿರ ಹೋದರೆ ಹೊಗೆ ಶುದ್ಧ ಮಾಡುವ ಲೋಹವಾದ ಪಲ್ಲೇಡಿಯಂ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗಿ ಕ್ಯಾಟ್ ಬೇಗ ಮುದಿಯಾಗುತ್ತದೆ. ಮಿಸ್‌ಫೈರ್ ಆದರೆ, ಅಂದರೆ ಸಿಲಿಂಡರಿನಲ್ಲಿ ಉರಿ ಹೊತ್ತದೇ ಹೋದರೆ, ಹಸಿ ಪೆಟ್ರೋಲ್ ಒಳಗೇ ಉರಿದು ಹಾಳೆ ಕರಗಲೂಬಹುದು. ನಾನು ಪ್ಲಗ್ ಹೊತ್ತಿಗೆ ಸರಿಯಾಗಿ ಬದಲಾಯಿಸುವವನು, ಆಕ್ಸಲರೇಟರ್ ಮೆಟ್ಟುವುದೂ ಕಡಿಮೆ. ಅದಕ್ಕೇ ಒಗ್ಗಿತು.

ಹೈಬ್ರಿಡ್ ಆದರೆ ಮಾತ್ರ ನನ್ನ ಮಾತು ಕೇಳಬೇಡಿ. ಅಲ್ಲಿ ಎಂಜಿನ್ ಆಗಾಗ ನಿಲ್ಲುತ್ತದೆ, ಕ್ಯಾಟ್ ದಾರಿಯಲ್ಲೇ ತಣ್ಣಗಾಗುತ್ತದೆ, ದೊಡ್ಡ ಬ್ಯಾಟರಿ ಹೇಗೂ ಇದೆ. ಕರೆಂಟಿನದ್ದನ್ನೇ ಹಾಕಿ, ಎಲೆಕ್ಟ್ರೋಡ್ ಮಾತ್ರ ಮೇಲ್ಮುಖವಾಗಿರಲಿ.